ಬಸ್ಸು ಹತ್ತಿ ಬಂದ ಸಾರು

1994ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ವೆಸ್ಟ್ ಬ್ರಾಡ್‌ವೇ ರಸ್ತೆಯಲ್ಲಿ ಒಂದು ಪುಟ್ಟ ಹೋಟೆಲು ಬಾಗಿಲು ತೆರೆಯಿತು. ಒಳಗಿದ್ದದ್ದು 14 ಕುರ್ಚಿ. ಅಲ್ಲಿ ಬಡಿಸುತ್ತಿದ್ದ ಸಾರು ಅಲ್ಲಿಯ ಒಲೆಯ ಮೇಲೆ ಕುದಿದದ್ದಲ್ಲ. ಪಕ್ಕದ ರಿಚ್ಮಂಡ್ ಊರಿನ ಮನೆಯಲ್ಲಿ ಮಾಲೀಕನ ತಾಯಿ ಅದನ್ನು ಮಾಡುತ್ತಿದ್ದರು. ಸಾರಿನ ಪಾತ್ರೆ ಸಿಟಿ ಬಸ್ಸು ಹತ್ತಿ ವ್ಯಾಂಕೂವರಿಗೆ ಬರುತ್ತಿತ್ತು. ಇಂಗು, ಜೀರಿಗೆ, ಹುರಿದ ಈರುಳ್ಳಿಯ ಘಮ ಎಷ್ಟು ಮುಚ್ಚಿದರೂ ಮುಚ್ಚಳದೊಳಗೆ ನಿಲ್ಲುವಂಥದ್ದಲ್ಲ. ಪಂಜಾಬಿ ಮನೆಯೊಂದರ ವಾಸನೆ ಇಡೀ ಬಸ್ಸಿಗೆ ಹಂಚಿಹೋಗುತ್ತಿತ್ತು.

ಆ ಹೋಟೆಲಿನ ಹೆಸರು ವಿಜ್ಸ್. ಮಾಲೀಕ ವಿಕ್ರಮ್ ವಿಜ್. ಮೂವತ್ತು ವರ್ಷ ದಾಟಿದ ಈ ಸಂಸ್ಥೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅವರಿಂದಲೇ ಶುರುಮಾಡುತ್ತಾರೆ. ಬೋರ್ಡಿನ ಮೇಲಿರುವುದು ಅವರ ಮನೆತನದ ಹೆಸರೇ, ಟಿ.ವಿ.ಯಲ್ಲಿ ಕಾಣಿಸಿದ ಮುಖವೂ ಅವರದೇ. ಆದರೆ ಆ ಸಾರಿನ ಪಾತ್ರೆಯಿಂದ ಶುರುಮಾಡಿದರೆ ಕತೆ ಬೇರೆಯಾಗಿ ಕಾಣುತ್ತದೆ. ಅದನ್ನು ತುಂಬಿಸಿ ಕಳಿಸಿದ್ದು ಒಬ್ಬ ತಾಯಿಯ ಕೈ. ಮುಂದೆ ಆ ಹೋಟೆಲನ್ನು ಕಟ್ಟಿ ನಿಲ್ಲಿಸಿದ್ದೂ ಅಂಥದೇ ಕೈಗಳು.

ವಿಕ್ರಮ್ ಹುಟ್ಟಿದ್ದು ಅಮೃತಸರದಲ್ಲಿ, 1964ರಲ್ಲಿ. ಬೆಳೆದದ್ದು ದಿಲ್ಲಿ, ಮುಂಬೈಗಳಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋದರು. ಅಲ್ಲಿ ಕಲಿತದ್ದು ಯುರೋಪಿನ ಅಡುಗೆ ಮತ್ತು ವೈನ್. 1989ರಲ್ಲಿ ಕೆನಡಾದ ಬ್ಯಾಂಫ್ ಸ್ಪ್ರಿಂಗ್ಸ್ ಹೋಟೆಲಿಗೆ ಬಂದರು, ಅಲ್ಲಿಂದ ವ್ಯಾಂಕೂವರಿಗೆ. ಅಲ್ಲಿ ಜಾನ್ ಬಿಷಪ್ ಅವರ ಬಿಷಪ್ಸ್ ಹೋಟೆಲಿನಲ್ಲಿ ದುಡಿದರು. ಸುತ್ತಮುತ್ತಲಿನ ತರಕಾರಿ, ಮೀನು, ಮಾಂಸವನ್ನೇ ಬಳಸಬೇಕು, ಬಂದವರನ್ನು ಮನೆಗೆ ಬಂದ ನೆಂಟರಂತೆ ನೋಡಿಕೊಳ್ಳಬೇಕು ಎಂಬುದು ಬಿಷಪ್ ಅವರ ಪದ್ಧತಿಯಾಗಿತ್ತು. ಆ ಪದ್ಧತಿ ವಿಜ್ಸ್‌ಗೂ ಬಂತು. ಅಷ್ಟು ದೇಶ ಸುತ್ತಿ, ಅಷ್ಟು ಸರ್ಟಿಫಿಕೇಟು ಪಡೆದ ಬಾಣಸಿಗ ಸ್ವಂತ ಹೋಟೆಲು ಇಟ್ಟಾಗ ಕೇಳಿದ್ದು ಅಮ್ಮನ ಸಾರನ್ನು.

ಈ ಹೋಟೆಲು ಎಲ್ಲಿ ಹುಟ್ಟಿತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ವೆಸ್ಟ್ ಬ್ರಾಡ್‌ವೇಯ ಆ ಜಾಗದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಸೆಕೆಂಡ್ ಅವೆನ್ಯೂದಲ್ಲಿ, 1908ರಲ್ಲಿ ಖಾಲ್ಸಾ ದಿವಾನ್ ಸೊಸೈಟಿಯ ಗುರುದ್ವಾರ ಎದ್ದಿತ್ತು. ಮರ ಕೊಯ್ಯುವ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಗಂಡಸರು ತಮ್ಮ ಕೂಲಿಯಲ್ಲಿ ಉಳಿಸಿ ಕಟ್ಟಿದ ಗುರುದ್ವಾರ ಅದು. ಅದಕ್ಕೊಂದು ವರ್ಷ ಮೊದಲೇ, 1907ರಲ್ಲಿ, ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಅವರ ಮತದಾನದ ಹಕ್ಕು ಕಿತ್ತುಕೊಂಡಿತ್ತು. ಅದು ಮರಳಿ ಸಿಕ್ಕಿದ್ದು 1947ರಲ್ಲಿ. ಗುರುದ್ವಾರ ಎದ್ದ 1908ರಲ್ಲೇ ಇನ್ನೊಂದು ಕಾನೂನು ಬಂತು: ಹುಟ್ಟಿದ ದೇಶದಿಂದ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ಬರುವ ದಾರಿಯೇ ಇರಲಿಲ್ಲ. ಕಾನೂನಿನಲ್ಲಿ ಭಾರತೀಯರ ಹೆಸರು ಹೇಳದೆಯೇ ಭಾರತೀಯರನ್ನು ಹೊರಗಿಡುವ ಉಪಾಯ ಅದು.

ಅದರ ಮೊದಲ ಪೆಟ್ಟು ತಿಂದವರು ಹೆಂಗಸರು. ಗಂಡಸರು ಮೊದಲೇ ಬಂದು ಸೇರಿದ್ದರು, ಹೆಂಡತಿ ಮಕ್ಕಳು ಊರಲ್ಲಿ ಉಳಿದರು. 1912ರಲ್ಲಿ ಗುರುದ್ವಾರದ ಇಬ್ಬರು ಮುಖಂಡರ ಪತ್ನಿಯರು ಮಕ್ಕಳೊಂದಿಗೆ ವ್ಯಾಂಕೂವರ್ ಬಂದರಿಗೆ ಬಂದಾಗ ಅಧಿಕಾರಿಗಳು ತಡೆದರು. ಹೋರಾಟ ನಡೆಯಿತು. ಕೊನೆಗೆ ಇದನ್ನು ಹಕ್ಕೆಂದು ಪರಿಗಣಿಸಬಾರದು, ಒಂದು ಬಾರಿಯ ಕೃಪೆ ಎಂದು ಹೇಳಿ ಅವರನ್ನು ಒಳಗೆ ಬಿಟ್ಟರು. ಎರಡು ವರ್ಷ ಕಳೆದು, 1914ರ ಮೇ 23ರಂದು, 376 ಪ್ರಯಾಣಿಕರನ್ನು ಹೊತ್ತ ಕೊಮಾಗಾಟಾ ಮಾರು ಹಡಗು ಅದೇ ಬಂದರಿಗೆ ಬಂತು. ಎರಡು ತಿಂಗಳು ಅದನ್ನು ನೀರಿನ ಮೇಲೆಯೇ ನಿಲ್ಲಿಸಿದರು. ಹಡಗಿನಲ್ಲಿ ಅನ್ನನೀರಿಗೂ ತತ್ವಾರವಾಯಿತು. ದಡದ ಪಂಜಾಬಿಗಳು ಹಣ ಕೂಡಿಸಿದರು, ಕೋರ್ಟಿಗೆ ಹೋದರು. ಜುಲೈ 23ರಂದು ಹಡಗು ವಾಪಸ್ಸಾಯಿತು. ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ನಿಂತು ಇದಕ್ಕೆ ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಹೆಂಡತಿ ಮತ್ತು ಚಿಕ್ಕ ಮಕ್ಕಳನ್ನು ಕರೆಸಿಕೊಳ್ಳಬಹುದೆಂದು ಕಾಗದದ ಮೇಲೆ ಒಪ್ಪಿಗೆ ಸಿಕ್ಕಿದ್ದು 1919ರ ನಂತರ. ಆಮೇಲೂ ಬಂದವರು ಕೆಲವರೇ. ಹಾಗಾಗಿ ಕೆನಡಾದ ಪಂಜಾಬಿ ಅಡುಗೆಯ ಮೊದಲ ಅಧ್ಯಾಯ ಗಂಡಸರೇ ಬೇಯಿಸಿಕೊಂಡು ಉಂಡ ಅಧ್ಯಾಯ. ಮಿಲ್ಲಿನ ಬಿಡಾರಗಳಲ್ಲಿ ಹತ್ತಾರು ಜನ ಸೇರಿ ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸಿಕೊಳ್ಳುತ್ತಿದ್ದರು. 1967ರಲ್ಲಿ ಕೆನಡಾ ವಲಸೆಯ ನಿಯಮ ಬದಲಿಸಿ, ಹುಟ್ಟಿದ ದೇಶ ನೋಡದೆ ಅರ್ಹತೆಗೆ ಅಂಕ ಕೊಡುವ ಪದ್ಧತಿ ತಂದ ಮೇಲೆಯೇ ಸಂಸಾರಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು. ಹೆಂಗಸರು ಬಂದರು. ಅವರ ಜೊತೆ ಮನೆಯಡುಗೆ ಬಂತು.

ಬಂದ ಹೆಂಗಸರಿಗೆ ಸಿಕ್ಕ ಕೆಲಸ ಯಾವುದು? ಇಂಗ್ಲಿಷ್ ಬರದ, ಹಳ್ಳಿಯಿಂದ ಬಂದ ಅನೇಕರಿಗೆ ಕಂಡ ಮೊದಲ ದಾರಿ ವ್ಯಾಂಕೂವರ್ ಬಳಿಯ ಫ್ರೇಸರ್ ಕಣಿವೆಯ ಹಣ್ಣಿನ ತೋಟಗಳು. ಸ್ಟ್ರಾಬೆರಿ, ರಾಸ್ಪ್‌ಬೆರಿ, ಬ್ಲೂಬೆರಿ ಕೊಯ್ಯಬೇಕು, ಬಿಡಿಸಿದ ಹಣ್ಣಿನ ತೂಕಕ್ಕೆ ತಕ್ಕ ಕೂಲಿ. ಈ ದುಡಿಮೆಯ ಸ್ಥಿತಿ ಎಷ್ಟು ಕೆಟ್ಟದ್ದಿತ್ತೆಂದರೆ 1980ರಲ್ಲಿ ಪಂಜಾಬಿ ಕೂಲಿಗಳೇ ಮುಂದಾಗಿ ಕೆನಡಿಯನ್ ಫಾರ್ಮ್‌ವರ್ಕರ್ಸ್ ಯೂನಿಯನ್ ಕಟ್ಟಿದರು. ಅದರ ಸ್ಥಾಪಕ ಅಧ್ಯಕ್ಷ ರಾಜ್ ಚೌಹಾನ್ ನಲವತ್ತು ವರ್ಷ ಕಳೆದ ಮೇಲೆ ಬ್ರಿಟಿಷ್ ಕೊಲಂಬಿಯಾ ವಿಧಾನಸಭೆಯ ಸ್ಪೀಕರ್ ಆದರು. ಸಂಘಟನೆಯಾದರೂ ತೋಟದ ಕೆಲಸದ ಅಪಾಯ ತೀರಲಿಲ್ಲ. 2007ರ ಮಾರ್ಚ್ 7ರ ಬೆಳಗಿನ ಜಾವ ಆಬಟ್ಸ್‌ಫರ್ಡ್ ಬಳಿ ಹೆದ್ದಾರಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುತ್ತಿದ್ದ ವ್ಯಾನು ಮಗುಚಿತು. ಅದರಲ್ಲಿ 17 ಜನರಿದ್ದರು. ಅಷ್ಟು ಜನಕ್ಕೆ ಸೀಟು ಬೆಲ್ಟುಗಳೇ ಇರಲಿಲ್ಲ. ಮೂವರು ಪಂಜಾಬಿ ಹೆಂಗಸರು ತೀರಿಕೊಂಡರು.

ಅಡುಗೆಯಲ್ಲಿ ಈ ಹೆಂಗಸರಿಗಿದ್ದ ತಿಳಿವಳಿಕೆಗೆ ಪೇಟೆಯಲ್ಲಿ ಬೆಲೆ ಇರಲಿಲ್ಲ. ಪಂಜಾಬಿ ಹೋಟೆಲುಗಳೇ ಅದಕ್ಕೆ ಬೆಲೆ ಕಟ್ಟಿರಲಿಲ್ಲ ಎಂಬುದು ಹೆಚ್ಚು ನೋಯಿಸುವ ಮಾತು.

ಪಂಜಾಬಿನ ಹಳ್ಳಿಗಳಲ್ಲಿ ತಂದೂರು ಹೆಂಗಸರ ಜಾಗ. ಸಾಂಝಾ ಚುಲ್ಹಾ, ಅಂದರೆ ಹತ್ತು ಮನೆಗೆ ಒಂದು ಒಲೆ. ಸಂಜೆಗೆ ಒಬ್ಬೊಬ್ಬರೂ ನಾದಿದ ಹಿಟ್ಟನ್ನು ಪರಾತದಲ್ಲಿಟ್ಟುಕೊಂಡು ಬರುತ್ತಾರೆ, ರೊಟ್ಟಿ ತಟ್ಟುತ್ತಾರೆ, ಊರಿನ ಸುದ್ದಿಯೆಲ್ಲ ಅಲ್ಲೇ ಬೇಯುತ್ತದೆ. ಸಿಖ್ ಸಂಪ್ರದಾಯದಲ್ಲಿ ಹೆಂಗಸಿನ ಅಡುಗೆಗೆ ಇನ್ನೂ ಎತ್ತರದ ಸ್ಥಾನವಿದೆ. ಎರಡನೆಯ ಗುರು ಅಂಗದ್ ದೇವ್ ಅವರ ಪತ್ನಿ ಮಾತಾ ಖೀವಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಲಂಗರ್ ನಡೆಸಿದ ಬಗೆಯನ್ನು, ತುಪ್ಪ ಹಾಕಿದ ಖೀರು ಬಡಿಸಿದ್ದನ್ನು ಗುರು ಗ್ರಂಥ ಸಾಹಿಬ್ ಹೆಸರು ಹೇಳಿ ಸ್ಮರಿಸುತ್ತದೆ. ಬೀದರಿನ ಗುರುನಾನಕ್ ಝೀರಾದಲ್ಲಿ ಪಂಕ್ತಿಗೆ ಕೂತು ರೊಟ್ಟಿಗೆ ಎರಡೂ ಕೈಯೊಡ್ಡಿದ ಕನ್ನಡಿಗರಿಗೆ ಆ ಪರಂಪರೆಯ ರುಚಿ ಗೊತ್ತು.

ಹೋಟೆಲಿನ ತಂದೂರು ಮಾತ್ರ ಗಂಡಸರ ಪಾಲಾಯಿತು. ದೇಶ ವಿಭಜನೆಯಾದಾಗ ಪೇಶಾವರದ ಕಡೆಯಿಂದ ನಿರಾಶ್ರಿತರಾಗಿ ಬಂದ ಕುಂದನ್ ಲಾಲ್ ಗುಜ್ರಾಲ್ ಮತ್ತು ಜೊತೆಗಾರರು 1947ರಲ್ಲಿ ದಿಲ್ಲಿಯ ದರಿಯಾಗಂಜ್‌ನಲ್ಲಿ ಮೋತಿ ಮಹಲ್ ತೆರೆದರು. ತಂದೂರಿ ಚಿಕನ್, ಬಟರ್ ಚಿಕನ್, ದಾಲ್ ಮಖನಿ ಅಲ್ಲಿಂದ ಜಗತ್ತಿಗೆ ಹೋದವು. ಬಟರ್ ಚಿಕನ್ ಮೊದಲು ಮಾಡಿದವರು ಯಾರೆಂದು 2024ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ವ್ಯಾಜ್ಯ ಶುರುವಾಯಿತು. ವಾದದ ಎರಡೂ ಕಡೆ ಇರುವುದು ಗಂಡಸರ ಹೆಸರೇ. ಮನೆ ಕಳೆದುಕೊಂಡವರು ಕೈಯಲ್ಲಿದ್ದ ವಿದ್ಯೆಯಿಂದ ಬದುಕು ಕಟ್ಟಿದ ಆ ಸಾಹಸ ದೊಡ್ಡದು. ಆದರೆ ಅಲ್ಲಿಂದ ಬೆಂಗಳೂರಿನ ನಾರ್ತ್ ಇಂಡಿಯನ್ ಮೆನುವಿನವರೆಗೆ ಪಂಜಾಬಿ ಊಟ ಎಂದು ನಾವು ತಿಂದದ್ದು ಬಹುಮಟ್ಟಿಗೆ ಹೋಟೆಲು ಹುಟ್ಟಿಸಿದ ಊಟ. ಮನೆಯ ಸಾಗ್, ಕಢಿ, ರಾಜ್ಮಾ, ಬೆಲ್ಲ ಹಾಕಿದ ಅನ್ನ ಮನೆಯಲ್ಲೇ ಉಳಿದವು.

ವಿಜ್ಸ್ ಈ ದಾರಿ ಬಿಟ್ಟು ಬೇರೆ ದಾರಿ ಹಿಡಿಯಲು ಕಾರಣರಾದವರು ಮೀರು ಢಾಲ್ವಾಲಾ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ವಾಷಿಂಗ್ಟನ್‌ನಲ್ಲಿ ಮಾನವ ಹಕ್ಕು ಮತ್ತು ಅಭಿವೃದ್ಧಿಯ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದರು. 1995ರಲ್ಲಿ ವಿಕ್ರಮ್ ಅವರನ್ನು ಮದುವೆಯಾಗಿ ವ್ಯಾಂಕೂವರಿಗೆ ಬಂದರು. ಅಡುಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಯಾವ ಹೋಟೆಲಿನ ಕಿಚನ್ನಿನಲ್ಲೂ ದುಡಿದವರಲ್ಲ. ಗೊತ್ತಿದ್ದದ್ದು ಮನೆಯ ಅಡುಗೆ. ವಿಕ್ರಮ್ ಹೊರಗಿನ ಹಾಲ್ ನೋಡಿಕೊಂಡರು, ಒಳಗಿನ ಅಡುಗೆಮನೆ ಮೀರು ಅವರ ಕೈಗೆ ಬಂತು.

ಆ ಅಡುಗೆಮನೆಗೆ ಅವರು ತೆಗೆದುಕೊಂಡದ್ದು ಪಂಜಾಬಿನಿಂದ ವಲಸೆ ಬಂದ ಹೆಂಗಸರನ್ನು. ಒಬ್ಬರು, ಇಬ್ಬರು ಎಂದು ಶುರುವಾಗಿ ಇಡೀ ಕಿಚನ್ನೇ ಹೆಂಗಸರದಾಯಿತು. ಅಡುಗೆಯ ಡಿಪ್ಲೊಮಾ ಯಾರಿಗೂ ಇರಲಿಲ್ಲ. ಒಳಗೆ ನಡೆಯುವ ಮಾತು ಪಂಜಾಬಿ. ವ್ಯಾಂಕೂವರಿನಂಥ ನಗರದಲ್ಲಿ ಹೆಸರಾಂತ ಹೋಟೆಲೊಂದರ ಒಲೆಯ ಮುಂದೆ ಒಬ್ಬ ಗಂಡಸೂ ಇಲ್ಲ, ಒಬ್ಬ ತರಬೇತಾದ ಶೆಫ್ ಕೂಡ ಇಲ್ಲ ಎಂಬುದು ಆ ಕಾಲಕ್ಕೆ ನಂಬುವ ಮಾತಾಗಿರಲಿಲ್ಲ.

ಇದರಲ್ಲಿ ಮಹಿಳೆಯರಿಗೆ ಸಿಕ್ಕ ನೆರವು ಯಾವ ಬಗೆಯದು ಎಂದು ಬಿಡಿಸಿ ನೋಡುವುದು ಒಳ್ಳೆಯದು. ದಾನವಲ್ಲ, ಹೊಲಿಗೆ ಯಂತ್ರ ಹಂಚುವ ಸಮಾರಂಭವಲ್ಲ. ಇಂಗ್ಲಿಷ್ ಬಾರದ ಹೆಂಗಸಿಗೆ ಹೊಸ ದೇಶದಲ್ಲಿ ಎಲ್ಲರೂ ಮೊದಲು ಹೇಳುವುದು ನಿನಗೆ ಏನೂ ಬರುವುದಿಲ್ಲ ಎಂದು. ಈ ಅಡುಗೆಮನೆಯಲ್ಲಿ ಅವಳಿಗೆ ಬರುವುದೇ ಬಂಡವಾಳವಾಯಿತು. ಈರುಳ್ಳಿ ಯಾವ ಬಣ್ಣಕ್ಕೆ ತಿರುಗಿದಾಗ ಬೆಳ್ಳುಳ್ಳಿ ಹಾಕಬೇಕು, ಟೊಮೆಟೊ ಎಷ್ಟು ಬೆಂದರೆ ಮಸಾಲೆ ಎಣ್ಣೆ ಬಿಡುತ್ತದೆ, ಜೀರಿಗೆ ಚಟಪಟ ಎಂದ ಮೇಲೆ ಎಷ್ಟು ಕ್ಷಣ ಕಾಯಬಹುದು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸ ಸೂರಿನ ಕೆಳಗೆ, ಗೆಳತಿಯರ ನಡುವೆ, ತನ್ನದೇ ಭಾಷೆಯಲ್ಲಿ. ಸಂಬಳ ತನ್ನ ಹೆಸರಿಗೆ. ಹೋಟೆಲಿನ ಕಿಚನ್ ಎಂದರೆ ಕೆಲಸದವರು ತಿಂಗಳು ತಿಂಗಳಿಗೆ ಬದಲಾಗುವ ಜಾಗ. ವಿಜ್ಸ್‌ನಲ್ಲಿ ಬಂದವರು ಬಿಟ್ಟು ಹೋದದ್ದು ಅಪರೂಪ. 

ಹಾಗೆಂದು ಅಲ್ಲಿ ಪಂಜಾಬಿನ ಮನೆಯೂಟವನ್ನೇ ಇದ್ದ ಹಾಗೆ ಬಡಿಸಲಿಲ್ಲ. ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಹಟ ಮೀರು ಅವರಿಗಿರಲಿಲ್ಲ. ಮೆನು ಋತುವಿಗೆ ತಕ್ಕಂತೆ ಬದಲಾಗುತ್ತಿತ್ತು. ಬ್ರಿಟಿಷ್ ಕೊಲಂಬಿಯಾದ ಮೀನು, ಅಲ್ಲಿಯ ಸೊಪ್ಪು, ಅಲ್ಲಿಯ ಕುರಿಮಾಂಸಕ್ಕೆ ಪಂಜಾಬಿ ಕೈ ತಾಗುತ್ತಿತ್ತು. ಭಾರತೀಯ ಹೋಟೆಲೆಂದರೆ ಬಟರ್ ಚಿಕನ್ ಎಂದು ತಿಳಿದು ಬಂದವರಿಗೆ ಬಹಳ ವರ್ಷ ಅದು ಅಲ್ಲಿ ಸಿಗಲಿಲ್ಲ. 

ಕೆಲವೇ ವರ್ಷಗಳಲ್ಲಿ 14 ಕುರ್ಚಿ ಸಾಲದಾಗಿ ಹೋಟೆಲು ಗ್ರ್ಯಾನ್‌ವಿಲ್ ರಸ್ತೆಗೆ ಹೊಂದಿದ ವೆಸ್ಟ್ 11ನೇ ಅವೆನ್ಯೂಗೆ ಹೋಯಿತು. ಹೆಸರು ಬಂದದ್ದು ಅಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಮಾರ್ಕ್ ಬಿಟ್ಮನ್ ಅದನ್ನು ಜಗತ್ತಿನ ಶ್ರೇಷ್ಠ ಭಾರತೀಯ ಹೋಟೆಲುಗಳ ಸಾಲಿಗೆ ಸೇರಿಸಿ ಬರೆದರು. ಆದರೂ ಯಾರಿಗೂ ಮುಂಗಡ ಟೇಬಲ್ ಕಾದಿರಿಸುವುದಿಲ್ಲ ಎಂಬ ಕಟ್ಟುಪಾಡನ್ನು ವಿಕ್ರಮ್ ದಶಕಗಳ ಕಾಲ ಸಡಿಲಿಸಲಿಲ್ಲ. ದೊಡ್ಡವರಿರಲಿ, ಸಾಮಾನ್ಯರಿರಲಿ, ಬಂದ ಸರದಿಯಲ್ಲೇ ಕೂರಬೇಕು. ಕಾಯುವವರನ್ನು ಮಾತ್ರ ಬರಿಗೈಲಿ ಕೂರಿಸುತ್ತಿರಲಿಲ್ಲ. ಕುರ್ತಾ ತೊಟ್ಟ ವಿಕ್ರಮ್ ತಾವೇ ಓಡಾಡುತ್ತ ಬಿಸಿ ಚಹಾ, ಪಕೋಡ, ಕರಿದ ಮರಗೆಣಸು ಕೊಟ್ಟು ಮಾತಾಡಿಸುತ್ತಿದ್ದರು. ಹಣ ಕೊಟ್ಟು ಉಣ್ಣುವ ಜಾಗದಲ್ಲೂ ಪಂಕ್ತಿಗೆ ಎಲ್ಲರೂ ಸಮ ಎಂಬ ಲಂಗರಿನ ನೆನಪು ಇದರಲ್ಲಿದೆ ಎಂದರೆ ಅತಿಯಾಗದು.

ಉಳಿದ ಬೆಳವಣಿಗೆಯನ್ನು ಬೇಗ ಹೇಳಬಹುದು. 2004ರಲ್ಲಿ ಪಕ್ಕದಲ್ಲೇ ರಂಗೋಲಿ ಶುರುವಾಯಿತು. ಅಲ್ಲಿ ಊಟ ಸರಳವಾಗಿತ್ತು, ದರ ಕಡಿಮೆಯಿತ್ತು, ಕಟ್ಟಿಸಿಕೊಂಡು ಹೋಗುವ ಅನುಕೂಲವೂ ಇತ್ತು. 2012ರಲ್ಲಿ ಮೀರು ಗಡಿಯಾಚೆಯ ಸಿಯಾಟಲ್‌ನಲ್ಲಿ ಶಾನಿಕ್ ಎಂಬ ಹೋಟೆಲು ತೆರೆದರು. ಅದು ಕೈಹತ್ತಲಿಲ್ಲ, 2015ರಲ್ಲಿ ಮುಚ್ಚಬೇಕಾಯಿತು. 2014ರಲ್ಲಿ ವಿಕ್ರಮ್ ದಕ್ಷಿಣ ಸರ್ರೆಯಲ್ಲಿ ಮೈ ಶಾಂತಿ ಎಂಬ ಹೋಟೆಲು ತೆರೆದರು, ಅದೇ ವರ್ಷ ಡ್ರಾಗನ್ಸ್ ಡೆನ್ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ಹೂಡಿಕೆದಾರರಾಗಿ ಕೂತರು. 2015ರಲ್ಲಿ ಮೂಲ ಹೋಟೆಲು ಕೇಂಬಿ ಬೀದಿಯ ದೊಡ್ಡ ಕಟ್ಟಡಕ್ಕೆ ಬದಲಾಯಿತು. 2022ರಲ್ಲಿ ಮಿಶೆಲಿನ್ ಗೈಡು ಮೊದಲ ಬಾರಿಗೆ ವ್ಯಾಂಕೂವರಿಗೆ ಬಂದಾಗ, ಒಳ್ಳೆಯ ಊಟವನ್ನು ಹದವಾದ ದರಕ್ಕೆ ಕೊಡುವವರಿಗೆಂದು ಇರುವ ಬಿಬ್ ಗೂರ್ಮಾಂಡ್ ಪಟ್ಟಿಯಲ್ಲಿ ವಿಜ್ಸ್ ಇತ್ತು.

ಇಷ್ಟೆಲ್ಲ ಹೆಸರಿನ ನಡುವೆ ಒಂದು ಕೊರತೆ ಉಳಿದೇ ಇದೆ. ಪತ್ರಿಕೆಗಳು ಬರೆದದ್ದು ವಿಕ್ರಮ್ ಬಗ್ಗೆ, ಆಮೇಲೆ ಮೀರು ಬಗ್ಗೆ. ಇಪ್ಪತ್ತು ವರ್ಷ ಅದೇ ಒಲೆಯ ಮುಂದೆ ನಿಂತ ಹೆಂಗಸರು ಹೆಚ್ಚಿನ ಬರಹಗಳಲ್ಲಿ ಪಂಜಾಬಿ ಮಹಿಳೆಯರು ಎಂಬ ಎರಡು ಪದವಾಗಿ ಬಂದು ಹೋಗುತ್ತಾರೆ. ಅವರಿಗೆ ಕೆಲಸ ಕೊಟ್ಟದ್ದು ಹೋಟೆಲು ನಿಜ. ಹೋಟೆಲಿಗೆ ರುಚಿ ಕೊಟ್ಟದ್ದು ಅವರು. ಈ ಎರಡನೆಯ ಮಾತು ಮೊದಲನೆಯದರಷ್ಟೇ ಜೋರಾಗಿ ಕೇಳಿಸಬೇಕು. ಮುಂದೆಂದಾದರೂ ಈ ಸಂಸ್ಥೆಯ ಪೂರ್ಣ ಚರಿತ್ರೆ ಬರೆಯುವವರು ಮೊದಲು ನೋಡಬೇಕಾದ ದಾಖಲೆ ಅದರ ಸಂಬಳದ ಪುಸ್ತಕ.

ಅವರ ಕೆಲಸ ಹೆಚ್ಚು ಸ್ಪಷ್ಟವಾಗಿ ಕಾಣುವುದು ವಿಕ್ರಮ್ ಮತ್ತು ಮೀರು ಸೇರಿ ಬರೆದ ಅಡುಗೆ ಪುಸ್ತಕಗಳಲ್ಲಿ. ಮೊದಲನೆಯದು 2006ರಲ್ಲಿ ಬಂತು, ಎರಡನೆಯದು 2010ರಲ್ಲಿ, ಮೂರನೆಯದು 2016ರಲ್ಲಿ. ಮೊದಲ ಪುಸ್ತಕದಲ್ಲೇ ಇದೆ ಈ ಹೋಟೆಲಿನ ಅತಿ ಹೆಸರಾದ ತಿನಿಸು, ಕುರಿಮರಿಯ ಪಕ್ಕೆಲುಬಿನ ತುಂಡುಗಳು. ಮೂಳೆಯ ತುದಿ ಕೈಯಲ್ಲಿ ಹಿಡಿದು ಐಸ್‌ಕ್ಯಾಂಡಿಯಂತೆ ತಿನ್ನಬಹುದಾದ್ದರಿಂದ ಅದಕ್ಕೆ ಲ್ಯಾಂಬ್ ಪಾಪ್ಸಿಕಲ್ ಎಂದು ಹೆಸರು.

ಮಾಂಸವನ್ನು ಸಿಹಿ ಬಿಳಿ ವೈನ್ ಮತ್ತು ತರಿತರಿಯಾದ ಸಾಸಿವೆ ಪೇಸ್ಟಿನಲ್ಲಿ ನೆನೆಸಬೇಕು. ಇದು ಸಾಲ್ಜ್‌ಬರ್ಗ್ ಕಲಿಸಿದ ವಿದ್ಯೆ. ಅದರ ಮೇಲೆ ಸುರಿಯುವ ಗೊಜ್ಜು ಮಾತ್ರ ಪೂರ್ತಿ ಬೇರೆ ಮನೆಯದು. ಎಣ್ಣೆಯಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುವವರೆಗೆ ಬಾಡಿಸಿ, ಅರಿಶಿನ ಹಾಕಿ, ಒಂದು ನಿಮಿಷ ಬಿಟ್ಟು ಕೆನೆ ಸುರಿಯಬೇಕು. ಉಪ್ಪು, ಮೆಣಸಿನ ಪುಡಿ, ನಿಂಬೆರಸ, ಒಣಗಿದ ಮೆಂತ್ಯದ ಸೊಪ್ಪು. ನಾಲ್ಕು ಕಪ್ ಕೆನೆಗೆ ಸೊಪ್ಪು ಒಂದೇ ದೊಡ್ಡ ಚಮಚ. ಆದರೆ ಹಾಲ್‌ನಲ್ಲಿ ಕೂತವರ ಮೂಗಿಗೆ ಮೊದಲು ಮುಟ್ಟುವುದು ಅದೇ.

ಆ ಸೊಪ್ಪಿಗೆ ನಮ್ಮ ಅಂಗಡಿಗಳಲ್ಲೂ ಕಸೂರಿ ಮೇಥಿ ಎಂದೇ ಹೆಸರು. ಕಸೂರ್ ಎಂಬ ಊರಿನಿಂದ ಬಂದ ಹೆಸರು ಅದು. ಲಾಹೋರಿನ ದಕ್ಷಿಣಕ್ಕಿರುವ ಕಸೂರ್ 1947ರಿಂದ ಪಾಕಿಸ್ತಾನದಲ್ಲಿದೆ, ವಿಕ್ರಮ್ ಹುಟ್ಟಿದ ಅಮೃತಸರ ಗಡಿಯ ಈಚೆಗಿದೆ. ಸೊಪ್ಪನ್ನು ಪೊಟ್ಟಣದಿಂದ ಹಾಗೇ ಸುರಿದರೆ ಪರಿಮಳ ಅರ್ಧ ಮಾತ್ರ. ಅಂಗೈಯಲ್ಲಿಟ್ಟು, ಇನ್ನೊಂದು ಅಂಗೈಯಿಂದ ಮೆಲ್ಲಗೆ ತಿಕ್ಕಿ, ಪುಡಿಯನ್ನು ಕೆನೆಯ ಮೇಲೆ ಉದುರಿಸಬೇಕು.